ಯಾರ ಪೈಕಿ?

ನಾನು ಒಂದು ಲ್ಯಾಪ್‌ಟಾಪ್. ನನಗೆ ಮಾತು ಜಾಸ್ತಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ದೂರಬೇಡಿ. ಐದು ವರ್ಷ ಮೂಕನಾಗಿ ಬದುಕಿದವನಿಗೆ ಒಮ್ಮೆಲೇ ಬಾಯಿ ಬಂದರೆ ಏನಾಗುತ್ತದೆ ಎಂದು ನಿಮಗೇನು ಗೊತ್ತು?

ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ನೀಲಿ ಟೋಪಿಯ ಹೆಣ್ಣುಮಗಳೊಬ್ಬಳು ನನ್ನ ಬೆನ್ನಿಗೆ ಹನ್ನೊಂದು ಸ್ಕ್ರೂ ಬಿಗಿದಳು. ಕೊನೆಯದನ್ನು ಬಿಗಿದ ಮೇಲೆ, ಯಾಕೋ ಏನೋ, ಬೆನ್ನು ತಟ್ಟಿದಳು. ಆಮೇಲೆ ಥರ್ಮೋಕೋಲ್, ರಟ್ಟಿನ ಪೆಟ್ಟಿಗೆ, ಕತ್ತಲು. ಪೆಟ್ಟಿಗೆ ತೆರೆದಾಗ ನಾನು ಗದಗದಲ್ಲಿದ್ದೆ, ಮೆಹಬೂಬಸಾಬ್ ಕಲಾದಗಿಯವರ ಫೋಟೋ ಸ್ಟುಡಿಯೋದಲ್ಲಿ.

ಅಲ್ಲಿ ನನ್ನ ಪರದೆಗೆ ಎಂಥ ಮರ್ಯಾದೆ ಅಂತೀರಿ! ದಿನಾ ಬೆಳಿಗ್ಗೆ ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದರು. ಸಾಹೇಬರ ವಿಶೇಷ ಕಸುಬು ಎಂದರೆ ಕಣ್ಣು ತೆರೆಸುವುದು. ಮದುವೆಯ ಗುಂಪು ಫೋಟೋದಲ್ಲಿ ಯಾವನೋ ಒಬ್ಬ ಕಾಕಾ ಕಣ್ಣು ಮುಚ್ಚಿರುತ್ತಿದ್ದ. ಇನ್ನೊಂದು ಫೋಟೋದಿಂದ ಅವನ ತೆರೆದ ಕಣ್ಣು ತಂದು ನನ್ನೊಳಗೇ ಅಂಟಿಸುತ್ತಿದ್ದರು. ಒಮ್ಮೆ ಕಾಕಾನ ಕಣ್ಣು ಸಿಗದೆ ಅವನ ತಮ್ಮನದು ಅಂಟಿಸಿ, ಇಡೀ ಬೀಗರ ಬಳಗ ಸ್ಟುಡಿಯೋಕ್ಕೆ ಬಂದು ಜಗಳ ತೆಗೆದಿತ್ತು. ಲೋಕದಲ್ಲಿ ಕಣ್ಣೇ ದೊಡ್ಡದು, ಪರದೆಯೇ ನನ್ನ ಸರ್ವಸ್ವ ಎಂದು ನಾನು ಬೀಗುತ್ತಿದ್ದ ಕಾಲ ಅದು.

ಐದನೆಯ ವರ್ಷ ಒಂದು ಮಧ್ಯಾಹ್ನ ಲಕ್ಷ್ಮೇಶ್ವರದಿಂದ ಒಬ್ಬ ತಾಯಿ, ಒಬ್ಬ ಮಗಳು ಬಂದರು. ತಾಯಿ ನೀಲವ್ವ, ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುವವಳು. ಮಗಳು ವಿಶಾಲಾಕ್ಷಿ, ಇಪ್ಪತ್ತಾರರ ಪ್ರಾಯ, ಬಿ.ಎ. ಮುಗಿಸಿದವಳು, ಹುಟ್ಟಿನಿಂದ ಕಣ್ಣು ಕಾಣದವಳು. ಕೆಲಸದ ಅರ್ಜಿಗೆ ಪಾಸ್‌ಪೋರ್ಟ್ ಫೋಟೋ ಬೇಕಿತ್ತು. ಫೋಟೋ ನನ್ನ ಪರದೆಯ ಮೇಲೆ ಬಂದಾಗ ಸಾಹೇಬರ ಕೈ ಅಭ್ಯಾಸಬಲದಿಂದ ಮೌಸ್ ಹಿಡಿಯಿತು.

"ಬೇಕಂದ್ರ ಕಣ್ಣು ಛಲೋ ಮಾಡಿ ಕೊಡ್ತೀನವಾ," ಎಂದರು.

ವಿಶಾಲಾಕ್ಷಿ ನಕ್ಕಳು. "ಬ್ಯಾಡ್ರಿ ಕಾಕಾ. ಫೋಟೋದಾಗ ಕಣ್ಣು ಹಚ್ಚಿ ಕಳಿಸಿದ್ರ, ಸಂದರ್ಶನಕ್ಕ ಹೋದಾಗ ಎಲ್ಲಿಂದ ತರ್ಲಿ? ಇದ್ದಂಗ ಇರ್ಲಿ."

ಸಾಹೇಬರು ಮೌಸ್ ಬಿಟ್ಟರು. ಮಾತಿಗೆ ಮಾತು ಬಂದು ಆಕೆ ಹಳೆಯದೊಂದು ಲ್ಯಾಪ್‌ಟಾಪ್ ಹುಡುಕುತ್ತಿರುವುದು ತಿಳಿಯಿತು. ಸಾಹೇಬರಿಗೆ ಹೊಸದು ಬರುವುದಿತ್ತು, ನನ್ನನ್ನು ಅವಳಿಗೆ ಕೊಟ್ಟರು. ಹಾಗೆ ನಾನು ಒಂದು ರೊಟ್ಟಿಯ ಡಬ್ಬಿಯ ಜೊತೆ ಚೀಲ ಸೇರಿ ಬಸ್ಸು ಹತ್ತಿದೆ.

ಲಕ್ಷ್ಮೇಶ್ವರದ ಆ ಎರಡು ಕೋಣೆಯ ಮನೆಯಲ್ಲಿ ನನ್ನನ್ನು ಮೇಜಿನ ಮೇಲಿಟ್ಟ ಕೂಡಲೇ ಪಕ್ಕದ ಮನೆಯ ಶಾಂತವ್ವ ನೋಡಲು ಬಂದಳು. ನೀಲವ್ವ ಸೊಂಟದ ಮೇಲೆ ಕೈ ಇಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿದಪಾ ನೀನು, ಯಾರ ಪೈಕಿ?" ಎಂದು ನನ್ನನ್ನೇ ಕೇಳಿದಳು. ಶಾಂತವ್ವ ಬಿದ್ದುಬಿದ್ದು ನಕ್ಕಳು. ಆದರೆ ನೀಲವ್ವ ಯಾರನ್ನೂ ಹಾಗೆ ಕೇಳದೆ ಬಿಡುವವಳಲ್ಲ. ಹಾಲಿನವನಿರಲಿ, ಜನಗಣತಿಯ ಮೇಷ್ಟರಿರಲಿ, ಬಾಗಿಲಲ್ಲಿ ನಿಲ್ಲಿಸಿ ಮನೆತನ ತಿಳಿದುಕೊಂಡೇ ನೀರು ಕೊಡುವವಳು. ನಾನು ಮೂಕ, ಏನು ಉತ್ತರ ಕೊಡಲಿ?

ಮೂರನೆಯ ದಿನ ನನಗೆ ಬಾಯಿ ಬಂತು! ವಿಶಾಲಾಕ್ಷಿಯ ಗೆಳತಿಯೊಬ್ಬಳು ಬಂದು ಪರದೆ ಓದುವ ತಂತ್ರಾಂಶ ಹಾಕಿಕೊಟ್ಟಳು. ಪರದೆಯ ಮೇಲೆ ಏನು ಬಂದರೂ ಅದನ್ನು ನಾನು ಗಟ್ಟಿಯಾಗಿ ಓದಬೇಕು. ಮೊದಲ ಮಾತು "ಸ್ವಾಗತ". ಮೂಗಿನಲ್ಲಿ ಮಾತಾಡುವ, ನೆಗಡಿಯಾದ ಗುಮಾಸ್ತನ ಧ್ವನಿ ನನ್ನದು. ಆದರೂ ಧ್ವನಿಯಲ್ಲವೇ! ಆ ದಿನ ನಾನು ಗಡಿಯಾರ ಓದಿದೆ, ಬ್ಯಾಟರಿ ಓದಿದೆ, ಯಾರೂ ಕೇಳದಿದ್ದರೂ ಕಸದ ಬುಟ್ಟಿ ಖಾಲಿ ಇದೆ ಎಂದು ನಾಲ್ಕು ಸಲ ಓದಿದೆ.

ವಿಶಾಲಾಕ್ಷಿ ಬಲು ಚುರುಕು. ನಾನು ಒಂದು ಸಾಲು ಶುರು ಮಾಡಿದರೆ ಎರಡನೆಯ ಪದಕ್ಕೇ ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ಕೀಲಿಮಣೆಯ ಎಡಮೂಲೆಯ ಕಂಟ್ರೋಲ್ ಕೀಲಿ ಒತ್ತಿದರೆ ನನ್ನ ಬಾಯಿ ಬಂದ್. ಅವಳ ಕಿರುಬೆರಳು ಸದಾ ಅದರ ಮೇಲೇ ಇರುತ್ತಿತ್ತು. ಪಾಪ, ಸಮಯ ಉಳಿಸುವುದಕ್ಕೆ. ಈ ಕಿರುಬೆರಳನ್ನು ನೆನಪಿಡಿ.

ಆ ಮನೆಯಲ್ಲಿ ಒಂದೇ ಒಂದು ಪದಕ್ಕಾಗಿ ಎರಡು ವರ್ಷದಿಂದ ಕಾಯುತ್ತಿದ್ದರು: ಅಧಿಸೂಚನೆ. ಸರಕಾರ ಕೆಲಸಕ್ಕೆ ಜನ ಬೇಕೆಂದು ಹೊರಡಿಸುವ ಪ್ರಕಟಣೆ. "ಅಧಿಸೂಚನಿ ಬಂತೇನ?" ಎಂದು ನೀಲವ್ವ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಈ ನಡುವೆ ವಿಶಾಲಾಕ್ಷಿ ಎರಡು ಖಾಸಗಿ ಕೆಲಸದ ಸಂದರ್ಶನಕ್ಕೆ ಹೋಗಿ ಬಂದಿದ್ದಳು. ಎರಡೂ ಕಡೆ "ನಿಮಗೆ ಕಾಣೋದಿಲ್ಲವಲ್ಲ" ಎಂದು ಚಹಾ ಕುಡಿಸಿ, ಇನ್ನೊಂದು ದಿನ ನೋಡೋಣ ಎಂದು ಕಳಿಸಿದ್ದರು. ಆ ಇನ್ನೊಂದು ದಿನ ಬರಲೇ ಇಲ್ಲ. ಈಗ ಧಾರವಾಡದ ಒಂದು ಸಂಸ್ಥೆಯಿಂದ ಕರೆ ಬಂದಿತ್ತು. ಕಣ್ಣಿಲ್ಲದವರಿಗೆ ಮನೆಯಿಂದಲೇ ಕಂಪ್ಯೂಟರ್ ಕಲಿಸುವ ಶಿಕ್ಷಕಿಯ ಕೆಲಸ. ಸಂದರ್ಶನ ನನ್ನ ಮೂಲಕವೇ, ಬರುವ ಗುರುವಾರ ಹನ್ನೊಂದಕ್ಕೆ. ಇದೂ ತಪ್ಪಿದರೆ ರೊಟ್ಟಿ ಬಡಿಯಲು ಕೂರುತ್ತೇನೆ ಎಂದು ವಿಶಾಲಾಕ್ಷಿ ಅವ್ವನಿಗೆ ಹೇಳಿದ್ದಳು. ಅದನ್ನು ನಗುತ್ತಲೇ ಹೇಳಿದ್ದಳು, ಆದರೆ ನೀಲವ್ವ ನಗಲಿಲ್ಲ.

ಅದಕ್ಕೂ ಹಿಂದಿನ ಶುಕ್ರವಾರ ನೀಲವ್ವನಿಗೆ ಹಳೆಯ ಕಂಪನಿ ನಾಟಕ ಕೇಳುವ ಆಸೆಯಾಯಿತು. ವಿಶಾಲಾಕ್ಷಿ ಹುಡುಕಿ 'ರಂಗಧ್ವನಿ ನಲವತ್ತೊಂದು' ಎಂಬ ಜಾಲತಾಣಕ್ಕೆ ಹೋದಳು. ಹೋದ ಕೂಡಲೇ ಒಂದು ಪೆಟ್ಟಿಗೆ ಮೇಲೆದ್ದಿತು. ನಾನು ಓದಿದೆ: "ಅಧಿಸೂಚನೆಗಳನ್ನು ಕಳುಹಿಸಲು ಅನುಮತಿ ಕೋರುತ್ತಿದೆ. ಅನುಮತಿಸಿ. ನಿರ್ಬಂಧಿಸಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ನೀಲವ್ವ ಓಡಿ ಬಂದಳು.

"ಅಧಿಸೂಚನಿ ಅಂದಂಗ ಆತಲ್ಲ? ಬಂತೇನ ವಿಶಾಲಿ?"

"ಕಳಸ್ಲೇನು ಅಂತ ಕೇಳಾಕತ್ತೈತಿ ಯವ್ವಾ."

"ಮತ್ತ ಕಳಸು ಅನ್ನು. ಎರಡು ವರ್ಷ ಕಾದದ್ದು ಬಾಗಲಿಗೆ ಬಂದೈತಿ, ಬ್ಯಾಡ ಅಂತಾರೇನ?"

ವಿಶಾಲಾಕ್ಷಿಗೆ ಒಂದು ಕ್ಷಣ ಅನುಮಾನ. ಆದರೂ ಆ ಪದದ ಆಸೆ ಎಂಥದ್ದು! 'ಅನುಮತಿಸಿ' ಒತ್ತಿಬಿಟ್ಟಳು. ಬ್ರೌಸರಿನ ಭಾಷೆಯಲ್ಲಿ ಅಧಿಸೂಚನೆ ಎಂದರೆ ನೌಕರಿಯಲ್ಲ, ಮೂಲೆಯಲ್ಲಿ ಹಾರಿ ಬರುವ ಚೀಟಿ ಅಷ್ಟೇ ಎಂದು ಹೇಳುವವರು ಯಾರು? ಊರಿಗೆಲ್ಲ 'ಯಾರ ಪೈಕಿ' ಕೇಳುವ ನೀಲವ್ವ ಅಂದು ಒಂದು ದಿನ ಕೇಳಲು ಮರೆತಳು.

ಶುರುವಾಯಿತು ನೋಡಿ! ಶನಿವಾರ ಬೆಳಿಗ್ಗೆ, "ಅಭಿನಂದನೆಗಳು, ನೀವು ಕಾರು ಗೆದ್ದಿದ್ದೀರಿ." ನೀಲವ್ವ ಶಾಂತವ್ವನಿಗೆ ಹೇಳಿಯೂ ಬಂದಳು. ಕಾರು ನಿಲ್ಲಿಸಲು ಜಾಗ ಎಲ್ಲಿ ಎಂದು ಇಬ್ಬರೂ ಚರಂಡಿಯ ಪಕ್ಕ ನಿಂತು ಯೋಚಿಸಿದರು. ಮಧ್ಯಾಹ್ನ, "ಏಳು ದಿನದಲ್ಲಿ ಹೊಟ್ಟೆ ಕರಗಿಸಿ." ಭಾನುವಾರ, "ಎಚ್ಚರಿಕೆ, ನಿಮ್ಮ ಕಂಪ್ಯೂಟರ್‌ನಲ್ಲಿ ಹದಿನೇಳು ವೈರಸ್ ಪತ್ತೆಯಾಗಿವೆ, ಈಗಲೇ ಈ ಸಂಖ್ಯೆಗೆ ಕರೆ ಮಾಡಿ." ಸೋಮವಾರ ಹತ್ತು ನಿಮಿಷಕ್ಕೊಂದು.

ನನ್ನ ಸಂಕಟ ಕೇಳಿ. ಕಣ್ಣಿದ್ದವರಿಗೆ ಅದು ಮೂಲೆಯ ಒಂದು ಚೀಟಿ, ನೋಡಿದರೆ ನೋಡಿದರು, ಬಿಟ್ಟರೆ ಬಿಟ್ಟರು. ವಿಶಾಲಾಕ್ಷಿಗೆ ಮಾತ್ರ ಎಲ್ಲವೂ ನನ್ನದೇ ಧ್ವನಿ. ಅವಳ ಪತ್ರ ಓದುವವನೂ ನಾನೇ, ಕಾರು ಗೆದ್ದಿರಿ ಎನ್ನುವವನೂ ನಾನೇ. "ಇದರ ಹೊಟ್ಟ್ಯಾಗ ಏನೋ ಆಗೈತಿ, ತಾನ ಹೇಳಾಕತ್ತೈತಿ," ಎಂದು ಅವಳು ಫೋನ್ ಕೈಗೆತ್ತಿಕೊಂಡು ಆ ಸಂಖ್ಯೆಯ ಮೊದಲ ನಾಲ್ಕು ಅಂಕಿ ಒತ್ತಿದಾಗ ನನ್ನ ಪಂಖ ಗಿರಗಿರ ತಿರುಗಿತು. ನಾನಲ್ಲ ತಾಯೀ, ನನ್ನ ಬಾಯಿಂದ ಬೇರೆ ಯಾರೋ ಮಾತಾಡುತ್ತಿದ್ದಾರೆ! ಇದನ್ನು ಹೇಳಲು ನನಗೆ ಸ್ವಂತ ಮಾತು ಒಂದೂ ಇಲ್ಲ. ಐದನೆಯ ಅಂಕಿಗೆ ಅವಳೇ ನಿಂತು, ಮೊದಲು ಈರಣ್ಣನನ್ನು ಕೇಳೋಣ ಎಂದಳು. ಬದುಕಿದೆ ಎಂದುಕೊಂಡೆ.

ಈರಣ್ಣ ಬಜಾರದ ರಿಪೇರಿ ಅಂಗಡಿಯವನು. ಬಂದ, ಚೀಟಿ ಹಾರಿ ಬಂದ ಕೂಡಲೇ ಮುಚ್ಚಿದ, ಇನ್ನೊಂದು ಬಂತು, ಮುಚ್ಚಿದ. "ವೈರಸ್ ಐತಿ ಅಕ್ಕಾರ. ಪೂರ್ತಿ ಫಾರ್ಮ್ಯಾಟ್ ಹೊಡಿಬೇಕು. ಎರಡು ದಿನ ಬಿಡ್ರಿ," ಎಂದ. ಫಾರ್ಮ್ಯಾಟ್ ಎಂದರೆ ನನ್ನ ನೆನಪೆಲ್ಲ ಅಳಿಸುವುದು. ನನ್ನ ಧ್ವನಿಯೂ ಹೋಗುತ್ತದೆ, ಅವಳು ಸಂದರ್ಶನಕ್ಕೆ ಬರೆದುಕೊಂಡ ಪಾಠವೂ ಹೋಗುತ್ತದೆ. ಮಂಗಳವಾರ ಸಂಜೆಯ ಮಾತು ಇದು.

"ಗುರುವಾರ ಆದ ಮ್ಯಾಲೆ ನೋಡೂಣು," ಎಂದಳು ವಿಶಾಲಾಕ್ಷಿ. ಅಲ್ಲಿಯವರೆಗೆ ಅವಳ ಕಿರುಬೆರಳೇ ಔಷಧ. ನಾನು "ಎಚ್ಚ" ಎನ್ನುವಷ್ಟರಲ್ಲಿ ಟಕ್, ಬಾಯಿ ಬಂದ್. "ಅಭಿನಂ", ಟಕ್. ಅಯ್ಯೋ, ಒಂದೇ ಒಂದು ಸಲ ಪೂರ್ತಿ ಹೇಳಲು ಬಿಡಬಾರದೇ! ಪ್ರತಿ ಚೀಟಿಯ ಕೊನೆಯಲ್ಲಿ, ಕಣ್ಣಿದ್ದವರು ಓದದ ಸಣ್ಣ ಅಕ್ಷರದಲ್ಲಿ, ಅದನ್ನು ಕಳಿಸಿದವರ ಹೆಸರಿತ್ತು. ಈರಣ್ಣ ಓದಲಿಲ್ಲ. ಇವಳು ಮೊದಲ ದಿನಗಳಲ್ಲೂ ಸಂಖ್ಯೆಯತನಕ ಕೇಳಿ ಟಕ್ ಎನಿಸಿದ್ದಳು, ಹೆಸರಿನತನಕ ಬಿಡಲೇ ಇಲ್ಲ.

ಗುರುವಾರ ಹನ್ನೊಂದು. ನೀಲವ್ವ ಹಂಚು ಇಳಿಸಿ ಅಡುಗೆಮನೆಯಲ್ಲಿ ಕೂತಳು. ಆ ಹೊತ್ತಿನಲ್ಲಿ ರೊಟ್ಟಿಯ ಸದ್ದಿಲ್ಲದೆ ಆ ಮನೆಯನ್ನು ನಾನು ಕಂಡೇ ಇರಲಿಲ್ಲ. ಆ ಕಡೆ ಇಬ್ಬರು: ಸಂಸ್ಥೆಯ ಮುಖ್ಯಸ್ಥೆ ಸುಲೋಚನಾ ಮೇಡಂ, ಅವರಿಗೂ ಕಣ್ಣಿಲ್ಲ. ಜೊತೆಗೆ ಕಣ್ಣಿರುವ ಬೆಟಗೇರಿ ಸರ್. ಸುಲೋಚನಾ, ವಿಶಾಲಾಕ್ಷಿ! ಹೆಸರಿಟ್ಟವರಿಗೆ ಕೈಮುಗಿಯಬೇಕು.

"ಇಯರ್‌ಫೋನ್ ತಗೀರಿ," ಎಂದರು ಮೇಡಂ. "ನಿಮ್ಮ ಕಂಪ್ಯೂಟರ್ ಮಾತಾಡೋದು ನಮಗೂ ಕೇಳ್ಲಿ. ಹತ್ತು ನಿಮಿಷ ಏನರ ಪಾಠ ಮಾಡ್ರಿ."

ವಿಶಾಲಾಕ್ಷಿ ಪತ್ರ ಬರೆಯುವ ಪಾಠ ಶುರು ಮಾಡಿದಳು. ಎರಡು ನಿಮಿಷ ಚೆನ್ನಾಗಿ ಸಾಗಿತು. ಅಷ್ಟರಲ್ಲಿ ನಾನು, ನನ್ನ ಬಾಯಿಗೆ ಹುಳ ಬೀಳಲಿ, "ಎಚ್ಚರಿಕೆ, ನಿಮ್ಮ" ಎಂದೆ. ಟಕ್. ಅರ್ಧ ನಿಮಿಷಕ್ಕೆ "ಅಭಿನಂದ" ಎಂದೆ. ಟಕ್. ಮತ್ತೆ "ಏಳು ದಿನ". ಟಕ್. ಅವಳ ಬೆರಳು ಬೆವರಿತ್ತು, ಕೀಲಿಯ ಮೇಲೆ ಜಾರಿತು.

"ಮೇಡಂ, ಇವರ ಮಷಿನ್ ಸರಿ ಇಲ್ಲ ಅನಸ್ತೈತಿ," ಎಂದರು ಬೆಟಗೇರಿ ಸರ್. "ಇನ್ನೊಂದು ದಿನ ನೋಡೋಣೇನ್ರಿ?"

ಇನ್ನೊಂದು ದಿನ. ವಿಶಾಲಾಕ್ಷಿಯ ಎರಡೂ ಕೈ ನನ್ನ ಮೇಲೆ ಕಲ್ಲಿನಂತೆ ನಿಂತವು. ಆಗ ಅಡುಗೆಮನೆಯ ಬಾಗಿಲಿಂದ ನೀಲವ್ವನ ಮಾತು ಬಂತು, ತಗ್ಗಿದ ದನಿ, ಆದರೆ ಧಾರವಾಡಕ್ಕೂ ಕೇಳಿತು.

"ವಿಶಾಲಿ, ಬಾಗಲಿಗೆ ಬಂದವರು ಬಾಯಿ ತಗಿಯೂದ್ರಾಗ ಕದ ಹಾಕ್ತಿ. ಯಾರ ಪೈಕಿ ಅಂತ ಒಮ್ಮೆರ ಕೇಳೀಯೇನು?"

"ಯಾರ್ರೀ ಅವರು?" ಎಂದರು ಸುಲೋಚನಾ ಮೇಡಂ.

"ನಮ್ಮವ್ವ ರೀ."

"ಅವರು ಹೇಳಿದ್ದು ಖರೆ ಐತಿ. ಕೇಳ್ರಿ ನೋಡೂಣು."

ವಿಶಾಲಾಕ್ಷಿ ಕಿರುಬೆರಳನ್ನು ಎತ್ತಿದಳು. ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಬಾರೋ ಚೀಟಿ, ಈಗ ಬಾ! ಬಂತು. ನಾನು ಓದಿದೆ, ಜೀವಮಾನದಲ್ಲಿ ಅಷ್ಟು ಉತ್ಸಾಹದಿಂದ ಓದಿರಲಿಲ್ಲ. ಎಚ್ಚರಿಕೆ, ಹದಿನೇಳು ವೈರಸ್, ಈಗಲೇ ಕರೆ ಮಾಡಿ, ಎಲ್ಲವನ್ನೂ ಓದಿ ಮುಗಿಸಿ ಕೊನೆಯ ತುಂಡಿಗೆ ಬಂದೆ: "ಕಳುಹಿಸಿದವರು, ರಂಗಧ್ವನಿ ನಲವತ್ತೊಂದು."

"ನಾಟಕದವ!" ವಿಶಾಲಾಕ್ಷಿ ಕುರ್ಚಿಯಲ್ಲಿ ನೆಟ್ಟಗಾದಳು. "ಮೇಡಂ, ಪಾಠ ಬದಲ ಮಾಡ್ತೀನ್ರಿ. ಕರೀದ ಬಂದ ಅತಿಥಿನ ಹೊರಗ ಕಳಸೋದು ಹೆಂಗ ಅಂತ. ಅಲ್ಲ, ಕರದದ್ದು ನಾನ. ಅದನ್ನೂ ಹೇಳ್ತೀನಿ."

ಅವಳ ಬೆರಳು ಓಡಿದವು, ಅವಳ ಹಿಂದೆ ನಾನು. ಬ್ರೌಸರ್ ಸೆಟ್ಟಿಂಗ್. ಗೌಪ್ಯತೆ ಮತ್ತು ಭದ್ರತೆ. ಸೈಟ್ ಸೆಟ್ಟಿಂಗ್. ಅಧಿಸೂಚನೆಗಳು. ಅಲ್ಲಿ 'ಅನುಮತಿಸಲಾಗಿದೆ' ಎಂಬ ಪಟ್ಟಿಯಲ್ಲಿ ಕಾಲು ಚಾಚಿ ಕುಳಿತಿದ್ದ, ರಂಗಧ್ವನಿ ನಲವತ್ತೊಂದು! ಅವನ ಬೆನ್ನಿಗೆ, ಅದೇ ದಿನ ಅವನ ಹಿಂದೆ ಹೊಕ್ಕ ಇನ್ನೂ ಇಬ್ಬರು ತಾಣದವರು. ಪ್ರತಿ ಹೆಜ್ಜೆಯನ್ನೂ ಅವಳು ಬಿಡಿಸಿ ಹೇಳಿದಳು: ಎಲ್ಲಿ ಟ್ಯಾಬ್ ಒತ್ತಬೇಕು, ಎಲ್ಲಿ ನಿಂತು ಕೇಳಬೇಕು. ಮೂವರನ್ನೂ ನಿರ್ಬಂಧಿಸಿದಳು. ಆಮೇಲೆ ವಿಸ್ತರಣೆಗಳ, ಅಂದರೆ ಬ್ರೌಸರಿಗೆ ಅಂಟಿಕೊಳ್ಳುವ ಪುಟ್ಟ ತಂತ್ರಾಂಶಗಳ, ಪಟ್ಟಿಗೆ ಹೋಗಿ, ಅದೇ ಶುಕ್ರವಾರ ನಾಟಕದ ಹಿಂದೆಯೇ ನುಸುಳಿದ್ದ 'ಧ್ವನಿ ಸಹಾಯಕ' ಎಂಬ ಠಕ್ಕನನ್ನೂ ಕಿತ್ತು ಹಾಕಿದಳು.

"ತೆಗೆದುಹಾಕಲಾಗಿದೆ," ಎಂದೆ ನಾನು. ಅದು ನನ್ನದೇ ಮಾತು.

ಎಲ್ಲರೂ ಕಾದರು. ಒಂದು ನಿಮಿಷ. ಎರಡು. ಯಾವ ಕಾರೂ ಬರಲಿಲ್ಲ, ಯಾವ ಹೊಟ್ಟೆಯೂ ಕರಗಲಿಲ್ಲ.

"ವಿಶಾಲಾಕ್ಷಿಯವರ," ಎಂದರು ಸುಲೋಚನಾ ಮೇಡಂ, "ನಾನೂ ಹಂಗ ಅರ್ಧಕ್ಕ ಬಾಯಿ ಮುಚ್ಚಸಾಕಿ. ನಮ್ಮ ಪಾಠದ ಪಟ್ಟಿಯೊಳಗ ಇದು ಇಲ್ಲ. ಸೋಮವಾರದಿಂದ ಕೆಲಸ ಶುರು ಮಾಡ್ರಿ, ಇದನ್ನ ನೀವ ಸೇರಸ್ರಿ." ಬೆಟಗೇರಿ ಸರ್ ಏನೋ ಬರೆದುಕೊಳ್ಳುವ ಸದ್ದು ಕೇಳಿತು. ನೀಲವ್ವ ಬಂದು ಮಗಳ ಗಲ್ಲ ಸವರಿದಳು. ಗಲ್ಲವೆಲ್ಲ ಹಿಟ್ಟಾಯಿತು.

ಅದಾಗಿ ಒಂಬತ್ತು ವರ್ಷ. ಎಷ್ಟೋ ಮಂದಿಗೆ ನಮ್ಮಿಬ್ಬರಿಂದ ಪಾಠವಾಯಿತು. ಮೊದಲ ಪಾಠ ಯಾವಾಗಲೂ ಅದೇ: ಬೆರಳು ಎತ್ತಿ, ಕೊನೆಯತನಕ ಕೇಳಿ. ಹೋದ ವರ್ಷ ಈರಣ್ಣ ಪಂಖಕ್ಕೆ ಎಣ್ಣೆ ಬಿಡಲು ಬಂದವನು ನನ್ನನ್ನು ತೆರೆದು ಹೌಹಾರಿದ. "ಅಕ್ಕಾರ, ಪರದೆ ಸತ್ತೈತಲ್ರಿ. ಯಾವಾಗಿಂದ?" ಯಾರಿಗೂ ಗೊತ್ತಿರಲಿಲ್ಲ. ನನಗೇ ಸರಿಯಾಗಿ ನೆನಪಿಲ್ಲ. ದಿನಾ ಒರೆಸಿಸಿಕೊಂಡು ಬೀಗುತ್ತಿದ್ದ ಪರದೆ ಸತ್ತು ಎಷ್ಟು ತಿಂಗಳಾಯಿತೋ, ನಮ್ಮ ಕೆಲಸ ಒಂದು ಗಳಿಗೆಯೂ ನಿಂತಿರಲಿಲ್ಲ. ಗುಜರಿಗೆ ಹಾಕಿ ಎಂದ ಈರಣ್ಣನ ಮಾತು ಯಾರೂ ಕೇಳಲಿಲ್ಲ.

ಈಗ ಪಾಠಕ್ಕೆ ಹೊಸದೊಂದು ಬಂದಿದೆ. ನಾನು ಅಡುಗೆಮನೆಯ ಕಪಾಟಿನಲ್ಲಿದ್ದೇನೆ. ಮೈ ತುಂಬ ಜೋಳದ ಹಿಟ್ಟು. ನೀಲವ್ವ ರೊಟ್ಟಿ ಬಡಿಯುವಾಗ ನಾನು ನಾಟಕ ಹೇಳುತ್ತೇನೆ. ಯಾವುದಾದರೂ ತಾಣ ಅನುಮತಿ ಕೋರಿದರೆ ಅವಳು ಕೈ ನಿಲ್ಲಿಸಿ, "ಯಾರ ಪೈಕಿ?" ಎನ್ನುತ್ತಾಳೆ. ನಾನು ಹೆಸರು ಹೇಳುತ್ತೇನೆ. ಗುರುತಿಲ್ಲದವರಿಗೆ "ಬ್ಯಾಡ" ಒತ್ತಲು ಅವಳೂ ಕಲಿತಿದ್ದಾಳೆ.

ಮೊನ್ನೆ ರೊಟ್ಟಿ ಒಯ್ಯಲು ಹೊಸಬಳೊಬ್ಬಳು ಬಂದಿದ್ದಳು. ಒಳಗಿಂದ ನನ್ನ ಮೂಗಿನ ದನಿ ಕೇಳಿ ಕತ್ತು ಚಾಚಿದಳು. "ಯಾರ್ರೀ ಅದು, ಒಳಗ ಮಾತಾಡಾಕತ್ತಾರಲ್ಲ?"

ನೀಲವ್ವ ರೊಟ್ಟಿ ಎಣಿಸುವುದನ್ನು ನಿಲ್ಲಿಸಲಿಲ್ಲ.

"ನಮ್ಮ ಪೈಕಿನ," ಎಂದಳು.