ಶೇವಂತಿಯ ಹಿಮ್ಮಡಿ

ನನ್ನ ಗಂಡ ನನ್ನನ್ನು ಕರೆಯುವುದು "ಏ" ಎಂದು. ತನ್ನ ಕುದುರೆಯನ್ನು ಕರೆಯುವುದು "ಬಂಗಾರಿ" ಎಂದು. ಮದುವೆಯಾದ ಹೆಂಗಸರಿಗೆ ಇಷ್ಟು ಹೇಳಿದರೆ ಉಳಿದದ್ದು ತಿಳಿಯುತ್ತದೆ. ಆದರೂ ಪೂರ್ತಿ ಹೇಳುತ್ತೇನೆ, ಹೊಟ್ಟೆಯುರಿ ಅರ್ಧಕ್ಕೆ ನಿಲ್ಲುವಂಥದ್ದಲ್ಲ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅನ್ನುತ್ತಾಳೆ ನನ್ನ ಅತ್ತೆ ದುಂಡವ್ವ. ಇವತ್ತು ಹೇಳುತ್ತೇನೆ. ಅವನ ಹೆಸರು ಹಾಲೇಶ.

ಕುದುರೆಯ ಹೆಸರು ಶೇವಂತಿ. ಕೆಂಪು ಮೈ, ಹಣೆಯ ಮೇಲೆ ಬಿಳಿ ಬೊಟ್ಟು. ಕಾಗವಾಡದ ಹೊರಗೆ, ದ್ರಾಕ್ಷಿ ತೋಟಗಳ ಆಚೆ, ನಮ್ಮದು ಆಡು, ಎಮ್ಮೆಗಳ ಬದುಕು. ಎಮ್ಮೆಗೆ ಹಿಂಡಿ ಇಡುವವಳು ನಾನು, ಆಡಿಗೆ ಸೊಪ್ಪು ತರುವವಳು ನಾನು, ಉಳಿದ ಹೊತ್ತಿನಲ್ಲಿ ಊರ ಹೆಂಗಸರ ಜಂಪರು ಹೊಲಿಯುವವಳೂ ನಾನೇ. ಅವನು ಶೇವಂತಿಯ ಮೈ ತಿಕ್ಕುತ್ತಾನೆ. ನಾನು ಹತ್ತಿರ ಹೋದರೆ ಸಾಕು, ಅವಳು ಎರಡೂ ಕಿವಿ ಹಿಂದಕ್ಕೆ ಮಲಗಿಸಿ ಹಲ್ಲು ತೋರಿಸುತ್ತಾಳೆ. ಸವತಿಯ ಲಕ್ಷಣ ಇದಲ್ಲದೆ ಮತ್ತೇನು?

ಕಬ್ಬು ಕಡಿದ ಮೇಲೆ ಉಗಾರ ಖುರ್ದದ ಕಡೆಯ ಖಾಲಿ ಹೊಲಗಳಲ್ಲಿ ಕುದುರೆ ಶರ್ಯತ್ತು ನಡೆಯುತ್ತದೆ. ಬಯಲಲ್ಲಿ ಸುಮ್ಮನೆ ಓಡಿಸಿದರೆ ಆಗಲಿಲ್ಲ. ಒಡ್ಡು ಹಾರಬೇಕು, ಕಬ್ಬಿನ ಒಣಗರಿ, ಅದೇ ರವದಿ, ಪೇರಿಸಿದ ಬೇಲಿ ಹಾರಬೇಕು, ಕೊನೆಗೆ ನೀರಿನ ಕಾಲುವೆ ಹಾರಬೇಕು. ಹಾರಿ ಇಳಿದ ಮುಂಗಾಲು ಕೆಸರಿನಿಂದ ಮೇಲೇಳುವುದು ಚೂರು ತಡವಾದರೂ ಹಿಂಗಾಲು ಬಂದು ಅದರ ಹಿಮ್ಮಡಿಗೆ ಬಡಿಯುತ್ತದೆ. ತನ್ನ ಗೊರಸೇ ತನ್ನ ಮಾಂಸ ಕೀಳುತ್ತದೆ. ಹೋದ ತಿಂಗಳು ಅಭ್ಯಾಸ ಮಾಡಿಸುವಾಗ ಶೇವಂತಿಗೆ ಆದದ್ದು ಅದೇ.

ಆವತ್ತು ಇವನ ಮುಖ ನೋಡಬೇಕಿತ್ತು. ಅರಿಶಿನದ ನೀರು ಕಾಯಿಸಲು ನನಗೆ ಹೇಳಿ, ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, "ಎತ್ತವ್ವ, ಎತ್ತು ಬಂಗಾರಿ, ಮುಗೀತು, ಮುಗೀತು" ಎನ್ನುತ್ತ ತೊಳೆದ. ನನ್ನ ಹಿಮ್ಮಡಿಗಳು ಚಳಿಗಾಲದಿಂದಲೇ ಒಡೆದು ಬಾಯಿ ಬಿಟ್ಟಿವೆ. ದನದ ಗಂಜಲದಲ್ಲಿ ಕಾಲಿಟ್ಟರೆ ಪ್ರಾಣ ಹೋಗುತ್ತದೆ. "ಏನರ ಮುಲಾಮು ತರ್ರಿ" ಎಂದು ಎಷ್ಟು ಸಲ ಕೇಳಿದೆನೋ, ಅಷ್ಟೂ ಸಲ "ತರ್ತೀನಿ ತಗೋ" ಎಂದಿದ್ದ.

ಲಾಳ ಕಟ್ಟುವ ಭೀಮಸಿ ಬಂದು ನೋಡಿ ಹೇಳಿದ, "ಹಿಂಗಾಲ ಲಾಳದ ಮೂತಿ ಉಜ್ಜಿ ಮೊಂಡ ಮಾಡೀನಿ. ಆದ್ರ ಅಷ್ಟ ಸಾಲೂದಿಲ್ಲ. ಗಾಯ ಮಾದ ಮ್ಯಾಲೆ ಮುಂಗಾಲಿಗೆ ರಬ್ಬರ್ ಬೂಟ ಹಾಕು, ಹಿಮ್ಮಡ ಮುಚ್ಚತೈತಿ. ಒಳಗ ವ್ಯಾಸಲೀನ್ ಹಚ್ಚು, ಇಲ್ಲಾಂದ್ರ ರಬ್ಬರ್ ತಿಕ್ಕಿ ಚರ್ಮ ಕಿತ್ತ ಹೋಗತೈತಿ."

ನನ್ನ ಮುಲಾಮಿಗೆ ಪುರಸೊತ್ತಿಲ್ಲದವನು ಮರುದಿನವೇ ಮಿರಜಕ್ಕೆ ಹೋದ. ಎರಡು ರಬ್ಬರ್ ಬೂಟು ತಂದ, ಗಂಟೆಯ ಹಾಗೆ ಕೆಳಗೆ ಅಗಲವಾದವು. ಜೊತೆಗೆ ದೊಡ್ಡ ಡಬ್ಬಿ ವ್ಯಾಸಲೀನ್. ಅದನ್ನು ಕಂಡು ನನ್ನ ಕೈ ತಾನಾಗಿ ಮುಂದೆ ಹೋಯಿತು.

"ಏ, ಮುಟ್ಟಬ್ಯಾಡ. ಅದು ಶೇವಂತೀದು" ಅಂದ.

ನಾನು ಒಲೆಯ ಮುಂದೆ ಕೂತು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಅತ್ತೆ ನಗುತ್ತ, "ಕುದುರಿ ಹಿಂದ ಹೋದ ಗಂಡಸು ಸಂಜಿಗೆ ಮನೀಗೆ ಬರ್ತಾನ. ಬ್ಯಾರೆ ಹೆಂಗಸಿನ ಹಿಂದ ಹೋಗಿದ್ರ ಏನ್ ಮಾಡ್ತಿದ್ದಿ?" ಅಂದಳು.

"ಹೆಂಗಸಾಗಿದ್ರ ತುರುಬು ಹಿಡದು ಎಳೀತಿದ್ನಿರಿ ಅತ್ತಿ. ಇದು ಒದೀತೈತಲ್ರಿ."

ಶರ್ಯತ್ತಿನ ಹಿಂದಿನ ಸಂಜೆ ಅವನು ಅಂಗಳದಲ್ಲಿ ಶೇವಂತಿಗೆ ಬೂಟು ತೊಡಿಸಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೊಲಿಗೆಯವಳ ಕಣ್ಣಿಗೆ ಅಳತೆ ತಪ್ಪಿದ್ದು ಥಟ್ಟನೆ ಕಾಣುತ್ತದೆ. ಬೂಟು ಉದ್ದವಾಗಿತ್ತು. ಹಿಂದಿನ ಅಂಚು ನೆಲಕ್ಕೆ ಬಿದ್ದು ಮಡಚಿಕೊಂಡಿತ್ತು.

"ದೊಡ್ಡುವು ಆಗ್ಯಾವೇನೋ?" ಎಂದಳು ಅತ್ತೆ.

"ಕಾಕಾಸಾಹೇಬರ ಕುದುರಿಗಿ ತಂದ ನಂಬರ ಕೇಳೇ ತಂದೀನಿ ಯವ್ವಾ. ಅವರ ಕುದುರಿಗಿಂತ ನಮ್ಮ ಬಂಗಾರಿ ಏನ್ ಕಡಿಮಿ?"

ಕಾಕಾಸಾಹೇಬರು ಶರ್ಯತ್ತಿಗೆ ಹೊಲ ಬಿಟ್ಟುಕೊಡುವ ದೊಡ್ಡ ಕಬ್ಬಿನ ಕುಳ. ಅವರ ಕುದುರೆ ಶೇವಂತಿಗಿಂತ ಮೊಳ ಎತ್ತರ. ಹೊಟ್ಟೆಕಿಚ್ಚು ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಇರಲಿಲ್ಲ, ನೋಡಿ.

ಸೀರೆ ನೆಲ ಗುಡಿಸುವಷ್ಟು ಇಳಿಬಿಟ್ಟು ಓಡಿದರೆ ಏನಾಗುತ್ತದೆಂದು ಹೆಣ್ಣುಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಂಗಾಲು ಆ ಅಂಚನ್ನು ತುಳಿದರೆ ಮುಂಗಾಲು ಏಳುವುದಿಲ್ಲ. ಕಾಲುವೆ ಹಾರಿ ಇಳಿದ ಜಾಗದಲ್ಲೇ ಮೂತಿ ಮುಂದಾಗಿ ಬೀಳುತ್ತಾಳೆ. ಇದೆಲ್ಲ ನನಗೆ ಗೊತ್ತಾಯಿತು, ಆದರೂ ಸುಮ್ಮನಿದ್ದೆ. ಬೀಳಲಿ ಅಂದುಕೊಂಡೆ. ಬಾಯಿ ತುಂಬ ಅಂದುಕೊಂಡೆ.

ರೊಟ್ಟಿ ಬಡಿಯುವಾಗ ಹೊಳೆಯಿತು. ಅವಳು ಬಿದ್ದರೆ ಮೇಲೆ ಕೂತವನು ಯಾರು? ಆದರೂ ಬಾಯಿ ಬಿಡಲಿಲ್ಲ. ಸವತಿಯ ಲಂಗಕ್ಕೆ ಅಂಚು ನಾನೇ ಕತ್ತರಿಸಿ ಕೊಡಬೇಕೇ? ಬೆಳಿಗ್ಗೆ ಅತ್ತೆಯ ಜೊತೆ ಹೊರಡುವಾಗ ಚೀಲದಲ್ಲಿ ಬುತ್ತಿಯ ಜೊತೆ ನನ್ನ ದೊಡ್ಡ ಕತ್ತರಿಯನ್ನೂ ಹಾಕಿಕೊಂಡೆ. ಯಾಕೆಂದು ನನ್ನನ್ನು ಕೇಳಬೇಡಿ.

ಹೊಲದಲ್ಲಿ ಮಂದಿ ನೆರೆದಿತ್ತು. ಕುದುರೆಗಳು ಸಾಲಾಗಿ ನಿಂತಿದ್ದವು. ಶೇವಂತಿ ಸಾಲಿಗೆ ಬರುವಷ್ಟರಲ್ಲೇ ಮುಗ್ಗರಿಸಿದಳು, ಸಾವರಿಸಿಕೊಂಡು ಮತ್ತೆ ಮುಗ್ಗರಿಸಿದಳು. ಮೇಲೆ ಕೂತ ಅವನು ಮೀಸೆ ತಿರುವುತ್ತ ಕಾಕಾಸಾಹೇಬರ ಕುದುರೆಯನ್ನೇ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡಸರ ನಡುವೆ ನುಗ್ಗಿದೆ.

"ಇಳೀರಿ ಕೆಳಗ!"

"ಏ, ಹುಚ್ಚ ಹಿಡದೈತೇನು? ಈಗ ಶೀಟಿ ಊದತಾರ."

"ಬೂಟಿನ ಅಂಚ ತುಳದು ಎಡವಾಕತ್ತಾಳ, ಕಾಣೂದಿಲ್ಲೇನ್ರಿ? ಕಾಲುವ್ಯಾಗ ಬಿದ್ರ ಆಕಿ ಕಾಲು, ನಿಮ್ಮ ಕುತಗಿ ಎರಡೂ ಮುರೀತಾವ. ಇಳೀರಿ ಅಂದ್ನಿ!"

ಅವನು ಬಗ್ಗಿ ನೋಡಿದ. ಅಂಚಿನ ಮೇಲೆ ಅವಳದೇ ಗೊರಸಿನ ಕೆಸರು ಮೆತ್ತಿತ್ತು. ಅವನ ಮುಖ ಬಿಳಿಚಿತು. ಕೆಳಗಿಳಿದ.

"ತಲಿ ಹಿಡೀರಿ" ಎಂದು ನಾನು ಕೆಸರಲ್ಲೇ ಕುಕ್ಕರಗಾಲಲ್ಲಿ ಕೂತೆ. ಶೇವಂತಿ ಕಿವಿ ಮಲಗಿಸಿದಳು. ಅವಳಿಗೆ ತಿಳಿಯುವ ಮಾತು ಒಂದೇ, ಅದನ್ನು ಆಡಲು ನನ್ನ ನಾಲಿಗೆ ಉರಿಯಿತು. "ಎತ್ತವ್ವ" ಅಂದೆ, "ಎತ್ತು ಬಂಗಾರಿ." ಎತ್ತಿದಳು. ಎಷ್ಟು ಬೇಕೆಂದು ಉಗುರಿನಿಂದ ಗುರುತು ಮಾಡಿಕೊಂಡು, ಬೂಟು ಬಿಚ್ಚಿ ಕತ್ತರಿಸಿದೆ. ತವರಿನಿಂದ ಬಂದ ಕತ್ತರಿ, ದಪ್ಪ ರಬ್ಬರಿಗೆ ಕಿರುಗುಟ್ಟಿತು. ಎರಡನೆಯ ಬೂಟು ಮುಗಿಯುವ ಹೊತ್ತಿಗೆ ಕತ್ತರಿಯ ಬಾಯಿ ಮೊಂಡಾಗಿತ್ತು. ಮತ್ತೆ ತೊಡಿಸಿ ಪಟ್ಟಿ ಬಿಗಿದಾಗ ಹಿಮ್ಮಡಿ ಪೂರ್ತಿ ಮುಚ್ಚಿತು, ಅಂಚು ನೆಲದಿಂದ ಒಂದು ಬೆರಳು ಮೇಲೆ ನಿಂತಿತು.

ಶೀಟಿ ಊದಿದರು. ಒಡ್ಡು ಹಾರಿದಳು, ರವದಿ ಹಾರಿದಳು. ಕಾಲುವೆಯ ಆಚೆ ದಂಡೆಯಲ್ಲಿ ಮುಂಗಾಲು ಹೂತಿತು, ಹಿಂಗಾಲು ಬಂದು ಥಪ್ಪೆಂದು ಬಡಿದದ್ದು ನಾನು ನಿಂತಲ್ಲಿಗೂ ಕೇಳಿಸಿತು. ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವಳು ಓಡುತ್ತಲೇ ಇದ್ದಳು. ಗೆದ್ದದ್ದು ಕಾಕಾಸಾಹೇಬರ ಕುದುರೆ. ನಮ್ಮವಳು ಅದರ ಬಾಲದ ಹಿಂದೆಯೇ ಬಂದಳು.

ನಾನು ಓಡಿ ಹತ್ತಿರ ಹೋಗುವಷ್ಟರಲ್ಲಿ ಅವನು ಜಿಗಿದಿಳಿದಿದ್ದ, ಮೊದಲು ನೋಡಿದ್ದು ಅವಳ ಕಾಲನ್ನು. ರಬ್ಬರಿನ ಮೇಲೆ ಗೊರಸಿನ ಆಳವಾದ ಗಾಯ, ಒಳಗೆ ಹಿಮ್ಮಡಿಗೆ ಏನೂ ಆಗಿರಲಿಲ್ಲ. ಕೂತಲ್ಲೇ ಕೆಸರು ಒರೆಸಿ ವ್ಯಾಸಲೀನ್ ಡಬ್ಬಿ ತೆಗೆದ. ನನ್ನ ಕತ್ತರಿಯ ಮಾತಿಲ್ಲ, ನನ್ನ ಮುಖದ ಕಡೆ ಕಣ್ಣಿಲ್ಲ. ಮನೆಗೆ ಹೋಗೋಣವೆಂದು ತಿರುಗಿದೆ. ಒಂದು ಚಪ್ಪಲಿ ಕೆಸರಲ್ಲಿ ಕಚ್ಚಿಕೊಂಡು ಉಳಿಯಿತು, ಬರಿಗಾಲು ಮೇಲೆ ಬಂತು.

ಹಿಂದಿನಿಂದ ಒಂದು ಕೈ ನನ್ನ ಮೀನಖಂಡ ಸವರಿ ಇಳಿದು ಕಾಲಿನ ಗಿಣ್ಣು ಹಿಡಿಯಿತು. ಕುದುರೆಯ ಕಾಲು ಎತ್ತುವಾಗ ಅವನು ಹಿಡಿಯುವ ಹಾಗೆಯೇ.

"ಇಷ್ಟ ಒಡದಾವಲ್ಲ" ಅಂದ. ದನಿ ಸಣ್ಣಗಾಗಿತ್ತು. "ಎತ್ತವ್ವ. ಎತ್ತು ಬಂಗಾರಿ."

ಬೀಳದ ಹಾಗೆ ನಾನು ಶೇವಂತಿಯ ಕುತ್ತಿಗೆಯನ್ನೇ ತಬ್ಬಿಕೊಂಡೆ. "ಅಯ್ಯ ನನ ಶಿವನ, ಊರ ಮುಂದ ಹೆಂಡತಿ ಕಾಲ ಹಿಡದಾನಲ್ಲೋ!" ಎಂದು ಅತ್ತೆ ಸೆರಗು ಮುಖಕ್ಕೆ ಎಳೆದುಕೊಂಡಳು.

"ಬಿಡ್ರಿ, ಎಲ್ಲಾರೂ ನೋಡಾಕತ್ತಾರ" ಅಂದೆ. ಕಾಲನ್ನು ಮಾತ್ರ ಎಳೆದುಕೊಳ್ಳಲಿಲ್ಲ. ಅವನು ನನ್ನ ಹಿಮ್ಮಡಿಗೆ ಹಚ್ಚಿದ ವ್ಯಾಸಲೀನಿನಲ್ಲಿ ಕುದುರೆಯ ಕೂದಲಿದ್ದವು, ಇದ್ದರೆ ಇರಲಿ.

ಅಷ್ಟರಲ್ಲಿ ಶೇವಂತಿ ಹೊರಳಿ ನೋಡಿದಳು. ಅವನ ಕೈಯಲ್ಲಿ ನನ್ನ ಕಾಲು ಕಂಡಿತು. ಕಿವಿಗಳೆರಡನ್ನೂ ಹಿಂದಕ್ಕೆ ಮಲಗಿಸಿ, ಕತ್ತು ಚಾಚಿ, ಅವನ ಹೆಗಲನ್ನು ಅಂಗಿಯ ಸಮೇತ ಕಚ್ಚಿದಳು. ಅವನು ಹೊಯ್ಯೋ ಎಂದು ಕೂಗಿಕೊಂಡ. ಹೊಲಕ್ಕೆ ಹೊಲವೇ ಬಿದ್ದು ಬಿದ್ದು ನಕ್ಕಿತು.

ನನಗೆ ನಗು ಬರಲಿಲ್ಲ. ಅವಳ ಕುತ್ತಿಗೆ ಸವರಿ ಕಿವಿಯ ಹತ್ತಿರ ಹೇಳಿದೆ, "ಗೊತ್ತೈತಿ ತಂಗಿ. ಈ ಉರಿ ನನಗ ಗೊತ್ತೈತಿ."