ಕಣ್ಣು ಮುಚ್ಚಿದಾಗ ಬರುವ ಅಲೆ

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅವಳು ಗಂಡನ ಕಿವಿಯ ಹಿಂದೆ ಒತ್ತಿ ಹಿಡಿದಳು. ಅಲ್ಲಿ ಕೂದಲ ಬುಡದಲ್ಲಿ ಬಿಳಿ ಪೇಸ್ಟ್ ಒಣಗಿ ಸುಣ್ಣದ ಚೂರಿನಂತೆ ಅಂಟಿಕೊಂಡಿತ್ತು. ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಉಗುರಿನ ತುದಿಯಿಂದ ಎಬ್ಬಿಸಿದಳು. ಕೂದಲು ಕಿತ್ತು ಬರಬಾರದು. ಇನ್ನು ಅವನಿಗೆ ನೋವಾಗುವುದಿಲ್ಲವೆಂದು ಗೊತ್ತಿತ್ತು. ಆದರೂ ಕಿತ್ತು ಬರಬಾರದು.

"ಮೆತ್ತಗೆ ಕಣೇ," ಎಂದರು ಅತ್ತೆ. "ಎಚ್ಚರ ಆಗುತ್ತೆ ಅವನಿಗೆ."

ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಯಾರನ್ನೂ ನೋಡಲಿಲ್ಲ. ಅವರು ಮಗನ ಕಾಲ ಬಳಿ ಕುಳಿತಿದ್ದರು. ಬಲಗೈ ಹೊದಿಕೆಯ ಮೇಲೆ, ಅವನ ಮೊಣಕಾಲಿನ ಹತ್ತಿರ, ಮೆಲ್ಲಗೆ ತಟ್ಟುತ್ತಲೇ ಇತ್ತು.

ಚಿಕ್ಕಪ್ಪ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ತೀರಿಹೋದವನ ತಂದೆಯ ತಮ್ಮ ಅವರು. ಅಣ್ಣ ಹೋದ ಮೇಲೆ ಈ ಮನೆಯ ಕಷ್ಟಸುಖಕ್ಕೆಲ್ಲ ಅವರೇ ಓಡಿಬರುತ್ತಿದ್ದರು.

"ಅತ್ತಿಗೆ, ಗಾಡಿ ಬಂದು ಆಗಲೇ ತುಂಬಾ ಹೊತ್ತಾಯ್ತು. ಗಾಡಿಯೋನು ಗೊಣಗ್ತಿದಾನೆ."

"ಗೊಣಗ್ಲಿ. ವಾಪಸ್ ಹೋಗು ಅನ್ನು."

"ಹಾಗಂದ್ರೆ ಹೇಗೆ ಅತ್ತಿಗೆ..."

"ಮಲಗಿರೋನನ್ನ ಹೊತ್ಕೊಂಡು ಹೋಗೋಕೆ ನಿಮಗೆಲ್ಲ ಏನಪ್ಪಾ ಇಷ್ಟು ಅವಸರ?" ಅತ್ತೆ ಸೊಸೆಯ ಕಡೆ ಗಲ್ಲ ಎತ್ತಿ ತೋರಿಸಿದರು. "ಅಲ್ಲಿದಾಳಲ್ಲ ಸಹಿ ಹಾಕಿದೋಳು, ಅವಳನ್ನ ಕೇಳು. ಅವಳಿಗೇ ಅವಸರ."

ಅವಳು ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದಳು. ಎರಡು ದಿನದಿಂದ ಈ ಮಾತು ಕೇಳಿ ಕೇಳಿ, ಅದು ಪಕ್ಕದ ಮನೆಯ ರೇಡಿಯೋದಂತಾಗಿತ್ತು. ಕಿವಿಗೆ ಬೀಳುತ್ತಿತ್ತು, ಒಳಗಿಳಿಯುತ್ತಿರಲಿಲ್ಲ.

ಅವನು ಊರಿನ ದೊಡ್ಡ ಆಸ್ಪತ್ರೆಯ ನಿದ್ರಾ ವಿಭಾಗದಲ್ಲಿ ಇಇಜಿ ಟೆಕ್ನಿಷಿಯನ್ ಆಗಿದ್ದ. ನಿದ್ದೆ ಬಾರದವರು, ನಿದ್ದೆ ಬಿಡದವರು, ನಿದ್ದೆಯಲ್ಲಿ ಉಸಿರು ಕಟ್ಟುವವರು ಸಂಜೆಯ ಹೊತ್ತಿಗೆ ಚೀಲ ಹಿಡಿದು ಬರುತ್ತಿದ್ದರು. ಅವರ ತಲೆಗೆ ಬಿಳಿ ಪೇಸ್ಟ್ ಹಚ್ಚಿ ಗುಂಡಿಯಂಥ ಎಲೆಕ್ಟ್ರೋಡ್‌ಗಳನ್ನು ಅಂಟಿಸಿ, ದೀಪ ಆರಿಸಿ, ಪಕ್ಕದ ಕೋಣೆಯಲ್ಲಿ ಕುಳಿತು ಅವರ ಮಿದುಳಿನ ಅಲೆಗಳನ್ನು ಬೆಳಗಿನವರೆಗೆ ಕಾಯುವುದು ಅವನ ಕೆಲಸ. ಊರು ಎದ್ದಾಗ ಮನೆಗೆ ಬಂದು, ಪರದೆ ಎಳೆದು ಮಲಗುತ್ತಿದ್ದ. ಸ್ನೇಹಿತರು ಅವನನ್ನು ಗೂಬೆ ಎನ್ನುತ್ತಿದ್ದರು. ಅವನೂ ಫೋನ್ ಎತ್ತಿ "ಗೂಬೆ ಮಾತಾಡ್ತಿರೋದು" ಎನ್ನುತ್ತಿದ್ದ.

ಕಳೆದ ವಾರ ಕೆಲಸ ಮುಗಿಸಿ ಹೊರಟವನು, ಸ್ಕೂಟರ್ ಸ್ಟ್ಯಾಂಡ್ ತೆಗೆಯುವ ಮೊದಲೇ ತಲೆ ಹಿಡಿದುಕೊಂಡು ಕುಸಿದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಅದೇ ಆಸ್ಪತ್ರೆಯ ಇನ್ನೊಂದು ಮಹಡಿಯಲ್ಲಿ ವೆಂಟಿಲೇಟರ್ ಮೇಲೆ ಮಲಗಿಸಿದರು. ಇರುವ ಪರೀಕ್ಷೆಗಳನ್ನೆಲ್ಲ ಮಾಡಿ, ಮಿದುಳು ಸತ್ತಿದೆ, ಉಸಿರಾಡುತ್ತಿರುವುದು ಯಂತ್ರವೇ ಹೊರತು ಅವನಲ್ಲ ಎಂದರು ವೈದ್ಯರು. ಯಂತ್ರ ತೆಗೆಯಲು ಅವಳು ಸಹಿ ಹಾಕಿದಳು.

ಅತ್ತೆ ಒಪ್ಪಿರಲಿಲ್ಲ. ಮಗನ ಅಲೆಗಳು ಏಳುವುದನ್ನು ಅವರು ಕಣ್ಣಾರೆ ಕಂಡಿದ್ದರು.

*

ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಅವನು ಅವಳನ್ನು ವಿಭಾಗಕ್ಕೆ ಕರೆದುಕೊಂಡು ಹೋಗಿದ್ದ. ಹೊಸ ಯಂತ್ರ ಬಂದಿತ್ತು, ಪರೀಕ್ಷಿಸಲು ಒಂದು ತಲೆ ಬೇಕಿತ್ತು.

ಮೂಗಿನ ಬುಡದಿಂದ ತಲೆಯ ಹಿಂದಿನ ಉಬ್ಬಿನವರೆಗೆ ಟೇಪು ಹಿಡಿದು ಅಳೆದ. ಆಮೇಲೆ ಕಿವಿಯಿಂದ ಕಿವಿಗೆ. ಕೂದಲು ಬಿಡಿಸಿ, ಬಣ್ಣದ ಪೆನ್ಸಿಲಿನಿಂದ ಅಲ್ಲಲ್ಲಿ ಚುಕ್ಕೆ ಇಟ್ಟ.

"ದರ್ಜಿ ಅಂಗಡೀಗೆ ಬಂದಂಗಿದೆ," ಎಂದಳು.

"ಸುಮ್ನೆ ಕೂತ್ಕೊ. ಚೆನ್ನಾಗಿರೋ ಟೋಪಿ ಹೊಲಿದು ಹಾಕ್ತೀನಿ."

"ಟೋಪಿ ಹಾಕೋದು ಮದುವೆ ದಿನಾನೇ ಆಯ್ತಲ್ಲ."

ಅವನು ನಕ್ಕ. ನಗುವಾಗ ಕೈ ಅಲುಗಿತು, ಒಂದು ಚುಕ್ಕೆ ತಪ್ಪಿತು. ಅದನ್ನು ಒರೆಸಿ ಮತ್ತೆ ಅಳೆದ.

"ಈಗ ಕಣ್ಣು ತೆರೆದಿರು... ಮುಚ್ಚು... ತೆರಿ... ಮುಚ್ಚು."

ಆಮೇಲೆ ಯಂತ್ರದ ಪರದೆ ತಿರುಗಿಸಿ ತೋರಿಸಿದ. ಕಣ್ಣು ತೆರೆದಿದ್ದಲ್ಲೆಲ್ಲ ಅವಸರದ ಗೀಚು. ಮುಚ್ಚಿದ ಕಡೆ ಒಂದೇ ಸಮನೆ, ಬಾಚಣಿಗೆಯ ಹಲ್ಲುಗಳಂತೆ ಅಲೆ.

"ಇದೇನಾ ನಿದ್ದೆ?"

"ಛೆ, ಇದು ಎಚ್ಚರಾನೇ. ಆದ್ರೆ ಏನೂ ಬೇಕು ಅನ್ನಿಸದೆ ಸುಮ್ನೆ ಇರೋ ಎಚ್ಚರ. ನಿದ್ದೆ ಬಂದ್ರೆ ಇದು ಕರಗುತ್ತೆ. ಆಮೇಲೆ ಇಷ್ಟಿಷ್ಟು ದೊಡ್ಡ ಅಲೆ, ನಿಧಾನಕ್ಕೆ, ಒಂದಾದ ಮೇಲೊಂದು." ಕೈಯಲ್ಲಿ ಗಾಳಿಯಲ್ಲೇ ಗುಡ್ಡ ಬರೆದು ತೋರಿಸಿದ. "ಮಲಗು, ಅದನ್ನೂ ನೋಡೇಬಿಡೋಣ."

"ನೀನು ಹಿಂಗೆ ಕಾಯ್ತಾ ಕೂತಿದ್ರೆ ನಿದ್ದೆ ಹೆಂಗೆ ಬರುತ್ತೆ?"

"ಎಲ್ಲರೂ ಹಾಗೇ ಅಂತಾರೆ. ಎಲ್ಲರಿಗೂ ಬರುತ್ತೆ."

ಬಂತು. ಎದ್ದಾಗ ಅವನು ಗಲ್ಲಕ್ಕೆ ಕೈಯಿಟ್ಟು ಪರದೆಯನ್ನೇ ನೋಡುತ್ತಿದ್ದ. ಪರೀಕ್ಷೆ ಯಾವಾಗಲೋ ಮುಗಿದಿತ್ತು.

"ಏನು ನೋಡ್ತಿದೀಯ?"

"ನಿನ್ನನ್ನೇ," ಎಂದ, ಅವಳ ಕಡೆ ತಿರುಗದೆ.

*

ಬಾಗಿಲ ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ವಿಭಾಗದ ಹಿರಿಯ ಟೆಕ್ನಿಷಿಯನ್ ಒಳಗೆ ಬಂದರು. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವನಿಗೆ ಕೆಲಸ ಕಲಿಸಿದವರು ಅವರು. ಹಿಂದೆಯೇ ದಪ್ಪ ಮೈಯ ಬಸ್ ಚಾಲಕನೊಬ್ಬ ಬಂದ. ಯಾರೆಂದು ಯಾರಿಗೂ ತಿಳಿಯದ್ದರಿಂದ ತಾನೇ ಹೇಳಿಕೊಂಡ. "ನಾನು ಅವರ ಪೇಷಂಟು. ಸ್ಟೇರಿಂಗ್ ಹಿಡಿದಂಗೇ ತೂಕಡಿಸ್ತಿದ್ದೆ. ಅವರು ಹಿಡಿದು ಕೂರಿಸಿ ಬುದ್ಧಿ ಹೇಳದೆ ಇದ್ದಿದ್ರೆ ಒಂದಿನ ಬಸ್ಸಿನ ತುಂಬಾ ಜನಾನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ನೋ."

ಯಾರೋ ಅವನಿಗೆ ಕುರ್ಚಿ ಸರಿಸಿದರು.

ಅಕ್ಕ ಬಗ್ಗಿ ಅತ್ತೆಯ ಕೈ ಮುಟ್ಟಲು ಹೋದರು. ಅತ್ತೆ ಕೈ ಕೊಡಲಿಲ್ಲ.

"ನೀನೂ ಅಲ್ಲೇ ಇದ್ದೆಯಲ್ಲಮ್ಮ. ನೀನೇ ನೋಡಿದೆಯಲ್ಲ."

ಅಕ್ಕ ತಲೆ ತಗ್ಗಿಸಿ ಗೋಡೆಯ ಪಕ್ಕ ಕುಳಿತರು.

*

ಕೊನೆಯ ಇಇಜಿ ಮಾಡಲು ಅಕ್ಕನೇ ಬಂದಿದ್ದರು. ಇವನ ತಲೆಯನ್ನು ಬೇರೆಯವರು ಮುಟ್ಟುವುದು ಬೇಡ ಎಂದಿದ್ದರು. ಟೇಪು ಹಿಡಿದು ಅಳೆಯುವಾಗ ಅವರ ತುಟಿ ಅಲುಗುತ್ತಿತ್ತು. ಲೆಕ್ಕ ಹಾಕುತ್ತಿದ್ದರೋ ಏನೋ.

ಅಂಥ ಪರೀಕ್ಷೆಯಲ್ಲಿ ಯಂತ್ರದ ಕಿವಿಯನ್ನು ಆದಷ್ಟು ಚುರುಕು ಮಾಡಿಟ್ಟಿರುತ್ತಾರೆ. ಮಿದುಳಿನ ಯಾವುದೋ ಮೂಲೆಯಲ್ಲಿ ಪಿಸುಮಾತಿನಷ್ಟು ಜೀವವಿದ್ದರೂ ಕಾಣಬೇಕು. ಹಾಗಾಗಿ ಹತ್ತಿರ ಯಾರೂ ಇರಬಾರದು. ಅತ್ತೆ ಏಳಲಿಲ್ಲ. ಮಗನ ಭುಜದ ಮೇಲೆ ಮೆಲ್ಲಗೆ ತಟ್ಟುತ್ತ ಕುಳಿತುಬಿಟ್ಟಿದ್ದರು. ಅವರನ್ನು ಎಬ್ಬಿಸುವ ಧೈರ್ಯ ಅಕ್ಕನಿಗೆ ಬರಲಿಲ್ಲ.

ಅವಳು ಬಾಗಿಲಲ್ಲಿ ನಿಂತಿದ್ದಳು. ಪರದೆಯ ಮೇಲೆ ಅಲೆ ಎದ್ದಿತು. ದೊಡ್ಡದು, ನಿಧಾನದ್ದು. ಅದರ ಹಿಂದೆ ಇನ್ನೊಂದು.

"ನೋಡು, ನೋಡಮ್ಮ!" ಅತ್ತೆ ಕೂಗಿದರು. ಮಗನ ಕೆಲಸದ ಬಗ್ಗೆ ಊಟಕ್ಕೆ ಕುಳಿತಾಗಲೆಲ್ಲ ಕೇಳಿದ್ದವರು ಅವರು. ದೊಡ್ಡ ಅಲೆ ಎಂದರೆ ನಿದ್ದೆ ಎಂದು ಅವರಿಗೂ ಗೊತ್ತಿತ್ತು. "ಮಲಗಿದಾನೆ ಕಣೇ! ನನ್ನ ಮಗ ಮಲಗಿದಾನೆ ಅಷ್ಟೇ!" ಎನ್ನುತ್ತ ಚಿಕ್ಕಪ್ಪನನ್ನು ಕರೆಯಲು ಹೊರಗೆ ಓಡಿದರು.

ಅವರು ಬಾಗಿಲು ದಾಟುವುದರೊಳಗೆ ಅಲೆಗಳು ನಿಂತವು. ಗೆರೆಗಳು ಚಪ್ಪಟೆಯಾದವು, ಹಾಗೇ ಉಳಿದವು. ಅಕ್ಕ ಅವಳತ್ತ ತಿರುಗಿ ನೋಡಿದರು. ಪರೀಕ್ಷೆ ಮುಗಿಯುವವರೆಗೆ ವೈದ್ಯರು ಅತ್ತೆಯನ್ನು ಮತ್ತೆ ಒಳಗೆ ಬಿಡಲಿಲ್ಲ. ಅಷ್ಟು ಹೊತ್ತೂ ಯಾವ ಗೆರೆಯೂ ತಲೆ ಎತ್ತಲಿಲ್ಲ.

*

ಚಿಕ್ಕಪ್ಪ ಮತ್ತೊಮ್ಮೆ ಬಂದು, ಗಡಿಯಾರ ನೋಡಿ ಹೋದರು. ಕೋಣೆಯಲ್ಲಿ ಮೌನ ಕಟ್ಟಿಕೊಂಡಿತು. ಬಸ್ ಚಾಲಕನಿಗೆ ಅದನ್ನು ತಡೆಯಲಾಗಲಿಲ್ಲವೆಂದು ಕಾಣುತ್ತದೆ.

"ಬಹಳ ಕಟ್ಟುನಿಟ್ಟು ಅವರದು," ಎಂದ. "ನಾನು ಅತ್ತ ಇತ್ತ ಹೊರಳಿದ್ರೆ ಪಕ್ಕದ ಕೋಣೆಯಿಂದ ಮೈಕಲ್ಲಿ ಬೈತಿದ್ರು. ಅಕ್ಕೋರೇ, ಅವರು ಕೆಲಸದಲ್ಲಿ ಒಂದು ತಪ್ಪೂ ಮಾಡಿರ್ಲಿಕ್ಕಿಲ್ಲ, ಅಲ್ವಾ?"

"ಯಾರು, ಗೂಬೇನಾ?" ಅಕ್ಕನ ಮುಖ ಸಡಿಲವಾಯಿತು. "ಸೇರಿದ ಹೊಸದ್ರಲ್ಲಿ ನನ್ನ ಮಾನ ಕಳೆದಿದ್ದ ಮಹಾನುಭಾವ."

"ಏನು ಮಾಡಿದ್ರು?"

ಅತ್ತೆಯೂ ತಲೆ ಎತ್ತಿದರು. ಮಗನ ಸುದ್ದಿ.

"ಒಂದು ಕೈಗೂಸು ಬಂದಿತ್ತು, ಫಿಟ್ಸ್ ಬರುತ್ತೆ ಅಂತ. ತಾಯಿ ತೊಡೆ ಮೇಲೆ ಮಲಗಿಸಿಕೊಂಡೇ ಪರೀಕ್ಷೆ. ಇವನು ಹೊರಗಡೆ ಪರದೆ ಮುಂದೆ. ನನ್ನ ಕೂಗಿ ಕರೆದ. 'ಅಕ್ಕಾ ಬನ್ನಿ, ಎಂಥ ಗಾಢ ನಿದ್ದೆ ನೋಡಿ, ಪುಸ್ತಕದಲ್ಲಿ ಇರೋ ಹಾಗೇ ಇದೆ' ಅಂತ. ದೊಡ್ಡ ಡಾಕ್ಟರೂ ಅಲ್ಲೇ ಇದ್ರು. ಎಲ್ಲರೂ ಸದ್ದು ಮಾಡದೆ, ತುದಿಗಾಲಲ್ಲಿ ಒಳಗೆ ಹೋಗಿ ನೋಡ್ತೀವಿ, ಮಗು ಕಣ್ಣು ಪಿಳಿಪಿಳಿ ಬಿಡ್ತಾ ಕಾಲಿನ ಹೆಬ್ಬೆಟ್ಟು ಚೀಪ್ತಾ ಇದೆ!"

ಚಾಲಕ ಗಟ್ಟಿಯಾಗಿ ನಕ್ಕುಬಿಟ್ಟ. ಮೂಲೆಯಲ್ಲಿದ್ದ ಇಬ್ಬರೂ ನಕ್ಕರು. ಅತ್ತೆಯ ತುಟಿಯಂಚೂ ಅರಳಿತು.

"ಅದು ಹೆಂಗೆ ಅಕ್ಕೋರೇ? ಎದ್ದಿರೋ ಮಗೂಗೆ ನಿದ್ದೆ ಅಲೆ ಎಲ್ಲಿಂದ ಬಂತು?"

"ಎಲ್ಲಿಂದ ಅಂದ್ರೆ, ಆ ತಾಯಿ..."

ಅಕ್ಕ ನಿಲ್ಲಿಸಿದರು. ಅವರ ಕಣ್ಣು ಅತ್ತೆಯ ಕೈಯ ಮೇಲೆ ಬಿತ್ತು. ಅದು ಹೊದಿಕೆಯ ಮೇಲೆ ತಟ್ಟುತ್ತಿತ್ತು.

"ಆ ತಾಯಿ?" ಎಂದರು ಅತ್ತೆ.

"ಏನಿಲ್ಲಮ್ಮ. ಹಳೇ ಕತೆ. ಸರಿಯಾಗಿ ನೆನಪಿಲ್ಲ."

"ಇಷ್ಟು ಹೊತ್ತು ನೆನಪಿತ್ತಲ್ಲ. ಹೇಳು. ಏನು ಮಾಡ್ತಿದ್ಲು ಆ ತಾಯಿ?"

ಅಕ್ಕ ಸೊಸೆಯ ಕಡೆ ನೋಡಿದರು. ಅವಳು ಬೇಡ ಎಂದು ತಲೆಯಾಡಿಸಿದರೆ ಸಾಕಿತ್ತು. ಹಾಗೆ ಮಾಡಿದರೆ ಅತ್ತೆ ಜೀವನವಿಡೀ ಅವಳನ್ನು ದೂರುತ್ತಾರೆ. ದೂರುವಷ್ಟು ಕಾಲವೂ ಅವರ ಮಗ, ಅವರ ಲೆಕ್ಕದಲ್ಲಿ, ನಿದ್ದೆಯಲ್ಲಿಯೇ ಹೋಗಿರುತ್ತಾನೆ. ಅದಕ್ಕೆ ಅವಳು ತಯಾರಾಗಿಯೇ ಇದ್ದಳು. ಆದರೆ ಹೊರಗೆ ಗಾಡಿ ನಿಂತಿತ್ತು. ಕೋಣೆ ಕಾಯುತ್ತಿತ್ತು. ಅತ್ತೆಯ ಕಣ್ಣಲ್ಲಿ ಆಗಲೇ ಏನೋ ಮುರಿಯತೊಡಗಿತ್ತು.

"ತಟ್ತಾ ಇದ್ಲು, ಅತ್ತೆ," ಎಂದಳು. "ಮಗೂನ. ಆ ತಟ್ಟೋದೇ ಅಲೆಯಾಗಿ ಕಾಣ್ತಿತ್ತು."

ಹೊದಿಕೆಯ ಮೇಲಿನ ಕೈ ನಿಂತಿತು.

ಚಾಲಕ ಏನೂ ಅರ್ಥವಾಗದೆ, ಏನೋ ಆಯಿತೆಂದು ಮಾತ್ರ ತಿಳಿದು, ಕುರ್ಚಿಯ ಅಂಚಿಗೆ ಸರಿದ.

"ನಾನು ಆಚೆ ಓಡಿ ಬಂದ್ನಲ್ಲ," ಎಂದರು ಅತ್ತೆ, "ಆಗ?"

"ನಿಂತೋಯ್ತು."

"ನೀನು ನೋಡಿದ್ಯಾ?"

"ನೋಡಿದೆ."

"ನಾನು ಕೈ ತೆಗೀದೇ ಇದ್ದಿದ್ರೆ?"

"ಎಷ್ಟು ಹೊತ್ತು ಅಂತ ತಟ್ತೀರ, ಅತ್ತೆ?"

"ತಟ್ತಿದ್ದೆ," ಎಂದರು ಅತ್ತೆ. ಆ ಮಾತಿನಲ್ಲಿ ಅಳು ಇರಲಿಲ್ಲ. ದಿನವೂ ಮಾಡುವ ಒಂದು ಕೆಲಸದ ಬಗ್ಗೆ ಹೇಳಿದಂತಿತ್ತು. ಆಮೇಲೆ, "ಗೊತ್ತಿದ್ದೂ ನನ್ನ ಕೈಲಿ ಅಷ್ಟೆಲ್ಲ ಅನ್ನಿಸಿಕೊಂಡ್ಯಲ್ಲೇ. ಬಾಯಿ ಇರ್ಲಿಲ್ವಾ ನಿಂಗೆ?"

ಅವಳು ಬಟ್ಟೆಯನ್ನು ಇನ್ನೊಮ್ಮೆ ಅದ್ದಿ ಹಿಂಡಿದಳು.

ಅತ್ತೆ ನೆಲಕ್ಕೆ ಕೈ ಊರಿ ಎದ್ದು, ಮಗನ ತಲೆಯ ಬಳಿ ಬಂದು ಕುಳಿತರು. ಕನ್ನಡಕ ಸರಿಮಾಡಿಕೊಂಡು ಕೂದಲು ಬಿಡಿಸಿ ನೋಡಿದರು. "ಇಲ್ಲಿ ನೋಡು, ಇನ್ನೂ ಹಾಗೇ ಇದೆ. ಬಟ್ಟೆ ಕೊಡು ಇಲ್ಲಿ. ನೀನು ಆ ಕಡೇದು ತೆಗಿ."

ಇಬ್ಬರೂ ಸೇರಿ ಉಳಿದ ಪೇಸ್ಟ್ ತೆಗೆದರು. ಅತ್ತೆ ತಲೆ ಒರೆಸಿ, ಬೈತಲೆ ತೆಗೆದು ಬಾಚಿದರು. ಅವನು ಹಾಗೆ ಬಾಚುತ್ತಿದ್ದುದು ಶಾಲೆಗೆ ಹೋಗುವ ಕಾಲದಲ್ಲಿ. ಅವಳು ಸರಿಪಡಿಸಲಿಲ್ಲ.

"ಚಿಕ್ಕಪ್ಪನ್ನ ಕರಿ," ಎಂದರು ಅತ್ತೆ. "ಗಾಡಿಯೋನಿಗೂ ಮನೆ ಮಠ ಇರುತ್ತೆ."

ಎತ್ತುವಾಗ ಬಸ್ ಚಾಲಕ ತಾನಾಗಿ ಬಂದು ಭಾರದ ಕಡೆ ಹೆಗಲು ಕೊಟ್ಟ.

*

ಎಲ್ಲ ಮುಗಿಸಿ ಮರಳಿದಾಗ ಬಿಸಿಲು ಇಳಿಯುತ್ತಿತ್ತು. ಮುಂದಿನ ಕೋಣೆಯನ್ನು ಯಾರೋ ತೊಳೆದಿದ್ದರು. ನೆಲ ಇನ್ನೂ ಅಲ್ಲಲ್ಲಿ ಒದ್ದೆಯಿತ್ತು. ಅತ್ತೆ ಗೋಡೆಗೊರಗಿ ಕುಳಿತರು. ಅವಳು ಪಕ್ಕದಲ್ಲಿ ಕುಳಿತಳು. ಅತ್ತೆ ಏನೋ ಕೇಳಲು ಹೊರಟವರು, "ಅವನು..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಆಮೇಲೆ ಅವರ ತಲೆ ಅವಳ ಭುಜಕ್ಕೆ ವಾಲಿತು. ಆಸ್ಪತ್ರೆಗೆ ಹೋದಂದಿನಿಂದ ಅವರು ಕಣ್ಣು ಮುಚ್ಚಿರಲಿಲ್ಲ.

ಮೊದಲು ಉಸಿರು ಭಾರವಾಯಿತು. ಎಷ್ಟೋ ಹೊತ್ತಿನ ಮೇಲೆ ರೆಪ್ಪೆಯ ಅಡಿಯಲ್ಲಿ ಕಣ್ಣುಗುಡ್ಡೆಗಳು ಓಡಾಡತೊಡಗಿದವು, ಅತ್ತ, ಇತ್ತ, ಮತ್ತೆ ಅತ್ತ. ಮನೆಯೊಳಗೆ ಯಾರನ್ನೋ ಕಣ್ಣಿನಲ್ಲೇ ಹಿಂಬಾಲಿಸುವಂತೆ. ತುಟಿ ಅಲುಗಿತು. ಕನಸಿನಲ್ಲಿ ಯಾರಿಗೋ ಏನೋ ಹೇಳುತ್ತಿದ್ದರು. ಬೈಯುತ್ತಿರಲಿಲ್ಲ.

ಚಿಕ್ಕಪ್ಪ ಎರಡು ಲೋಟ ಚಹಾ ಹಿಡಿದು ಬಂದರು. "ಎಬ್ಬಿಸ್ಲಾ?" ಎಂದು ಸನ್ನೆಯಲ್ಲಿ ಕೇಳಿದರು.

ಅವಳು ಬೇಡವೆಂದು ಕಣ್ಣಿನಲ್ಲೇ ಹೇಳಿದಳು. ಅವರು ಲೋಟಗಳನ್ನು ನೆಲದ ಮೇಲಿಟ್ಟು ಹೋದರು. ಚಹಾದ ಮೇಲೆ ಕೆನೆ ಕಟ್ಟಿತು. ಅವಳ ಭುಜ ಜೋಮು ಹಿಡಿಯಿತು, ಆಮೇಲೆ ತೋಳು, ಆಮೇಲೆ ಬೆರಳು. ಅವಳು ಅಲುಗಲಿಲ್ಲ.