ನೆಟ್ಟಗಿನ ಹೊಲಿಗೆ

ಅಕ್ಕನ ಕಿಡ್ನಿ ಮೈಗೆ ಬಂದು ಕೆಲವು ತಿಂಗಳಾದರೂ ದರ್ಜಿಯ ಬಾಯಿ ಮಾತ್ರ ಹಳೆಯದೇ. ಹೊಟ್ಟೆಯ ಮೇಲಿನ ಗಾಯ ನೋಡಿಕೊಂಡು, "ಇಂಥ ಹೊಲಿಗೆ ನಾನು ಹಾಕಿದ್ರೆ ಗಿರಾಕಿಗಳು ಅಂಗೀನ ಮುಖಕ್ಕೆ ಎಸೀತಿದ್ರು" ಎಂದು ಸರ್ಜನ್ನರಿಗೇ ಹೇಳಿದ್ದ. ಪಾಪ, ಅವರು ನಕ್ಕು ಸುಮ್ಮನಾಗಿದ್ದರು.

ಈಗ ಅವನಿಗೆ ಹೊಸ ನೆಪ ಸಿಕ್ಕಿತು. ಕಿಡ್ನಿಯ ಪಕ್ಕ ನೀರು ತುಂಬಿ ಮೂತ್ರದ ಕೊಳವೆಯನ್ನು ಒತ್ತುತ್ತಿತ್ತು. ಒಂದು ಕಾಲು ಊದಿ ದಿಂಬಾಗಿತ್ತು. ಮತ್ತೆ ವಾರ್ಡಿಗೆ ಸೇರಿಸಿ, ಪಕ್ಕೆಗೆ ನಳಿಕೆ ಹಾಕಿ ನೀರು ತೆಗೆದರು. "ಒಳಗಿನ ಹೊಲಿಗೆ ಸರಿಯಿಲ್ಲ ಅಂತ ನಾನು ಆವತ್ತೇ ಹೇಳಲಿಲ್ವಾ?" ಎಂದು ಅಕ್ಕಪಕ್ಕದ ಹಾಸಿಗೆಯವರಿಗೆಲ್ಲ ಡಂಗುರ ಸಾರಿದ.

ನೀರು ಹೋಯಿತು, ಕಾಲೂ ಇಳಿಯಿತು. ರಕ್ತದ ವರದಿ ಮಾತ್ರ ಸುಧಾರಿಸಲಿಲ್ಲ. ಕಿಡ್ನಿ ಸೋಲುತ್ತಲೇ ಇತ್ತು.

"ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಡಾಕ್ಟರಮ್ಮ ಕೇಳಿದರು. "ಇದು ಹೊರಗಿನದು ಅಂತ ನಿಮ್ಮ ಮೈ ಕಿಡ್ನಿ ಮೇಲೆ ಬೀಳದ ಹಾಗೆ ತಡೆಯೋದೇ ಅವು."

"ಚಾಚೂ ತಪ್ಪದೆ!" ಎಂದ ದರ್ಜಿ, ಗೋಡೆ ನೋಡುತ್ತ.

ಊಟದ ಡಬ್ಬಿ ತಂದಿದ್ದ ಅಕ್ಕನ ಮೈಮೇಲೆ ಅವನು ಹೋದ ವಾರ ಹೊಲಿದುಕೊಟ್ಟ ಅಂಗಿಯಿತ್ತು. ಅವಳು ತೋಳಿನ ಅಂಚು ಮಡಿಸಿ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಬರೀ ಸುಳ್ಳು, ಡಾಕ್ಟ್ರೇ. ಮಾತ್ರೆ ಶುರುವಾದಾಗಿಂದ ಇವನ ಕೈ ನಡುಗ್ತಿತ್ತು. ಸೂಜಿಗೆ ದಾರ ಪೋಣಿಸೋಕೂ ನನ್ನನ್ನ ಕೂಗ್ತಿದ್ದ. ಈಗ ಈ ಹೊಲಿಗೆ ನೋಡಿ, ಗೆರೆ ಎಳೆದ ಹಾಗಿದೆ."

ಕಳ್ಳ ಸಿಕ್ಕಿಬಿದ್ದ.

"ಸೊಟ್ಟ ಹೊಲಿಗೆ ನೋಡಿ ಗಿರಾಕಿಗಳು ನಗ್ತಿದ್ರು ಕಣಕ್ಕಾ. ದಿನಾ ಬೆಳಗಿನ ಮಾತ್ರೆ ಒಂದೇ ಬಿಡ್ತಿದ್ದೆ. ನಿನ್ನದೇ ಕಿಡ್ನಿ ತಾನೇ, ಒಂದೇ ತಾಯಿ ಮಕ್ಕಳು, ಹೊಂದ್ಕೊಂಡು ಹೋಗುತ್ತೆ ಅಂದ್ಕೊಂಡೆ."

"ನಾವಿಬ್ರು ಯಾವತ್ತು ಕಣೋ ಹೊಂದ್ಕೊಂಡಿದ್ದು?"

ಡಾಕ್ಟರಮ್ಮನಿಗೆ ನಗುವೂ ಬಂತು, ಸಿಟ್ಟೂ ಬಂತು. "ನಡುಕ ಅಂತ ಒಂದು ಮಾತು ಹೇಳಿದ್ರೆ ಪ್ರಮಾಣ ಸರಿಮಾಡ್ತಿದ್ವಲ್ರೀ! ಈಗ ಇಂಜೆಕ್ಷನ್ ಕೊಡ್ತೀವಿ. ಕಿಡ್ನಿ ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ." ಅವರು ದಾದಿಯನ್ನು ಕರೆಯಲು ಹೊರಟರು.

ಅಕ್ಕ ಬೈಯುತ್ತಾಳೆಂದು ದರ್ಜಿ ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಆ ಬೆಳಿಗ್ಗೆ ಅವನು ನುಂಗದೆ ಬಿಟ್ಟಿದ್ದ ಮಾತ್ರೆಯನ್ನು ಅವಳು ಅವನ ಅಂಗೈಗೆ ಹಾಕಿದಳು.

"ಇದೂ ಹೋದ್ರೆ ಇನ್ನೊಂದು ಕೊಡೋಣ ಅಂದ್ರೆ, ನನ್ನ ಹತ್ರ ಇರೋದು ಒಂದೇ ಕಣೋ" ಎಂದಳು.

ಮಾತ್ರೆ ಇನ್ನೂ ದರ್ಜಿಯ ಅಂಗೈಯಲ್ಲೇ ಇತ್ತು; ಕೈ ಆಗಲೇ ನಡುಗತೊಡಗಿತ್ತು.